ಕಾಳುಮೆಣಸಿನಲ್ಲಿ ಸಾಲ್ಮೊನೆಲ್ಲಾ: ನಿಯಂತ್ರಣ ಆರಂಭವಾಗಬೇಕಾದುದು ಅಂಗಳದಲ್ಲಿ

2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನ ಆಹಾರ ಸುರಕ್ಷತಾ ಕೇಂದ್ರವು ಭಾರತದ ಎರಡು ಪ್ರಸಿದ್ಧ ಕಂಪನಿಗಳ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಪತ್ತೆಯಾಗಿದೆಯೆಂದು ಪ್ರಕಟಿಸಿತು. ಇದು ಕ್ಯಾನ್ಸರ್‌ಕಾರಕ ಅನಿಲ. ಯುರೋಪಿನಲ್ಲಿ ಆಹಾರಕ್ಕೆ ಇದರ ಬಳಕೆ ನಿಷಿದ್ಧ. ಹಾಗಿದ್ದರೂ ಮಸಾಲೆ ವ್ಯಾಪಾರದಲ್ಲಿ ಇದು ಏಕೆ ಬಳಕೆಗೆ ಬಂದಿತು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಹೆಚ್ಚು ಕೇಳಿಬರಲಿಲ್ಲ. ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಗಳನ್ನು ಕೊಲ್ಲುವುದೇ ಇದರ ಉದ್ದೇಶ. ಬ್ಯಾಕ್ಟೀರಿಯ ಮಸಾಲೆಗೆ ಸೇರುವುದಾದರೋ ಬಹುಮಟ್ಟಿಗೆ ಬೆಳೆಗಾರರ ಹಂತದಲ್ಲಿಯೇ.

ಅಪಾಯ ಕಾಲ್ಪನಿಕವಲ್ಲ. 2009–10ರಲ್ಲಿ ಅಮೆರಿಕದಲ್ಲಿ ಮೆಣಸು ಲೇಪಿಸಿದ ಮಾಂಸದ ತಿನಿಸಿನಿಂದ 272 ಜನ ಅಸ್ವಸ್ಥರಾದರು. 2007–09ರ ಅವಧಿಯಲ್ಲಿ ಆ ದೇಶಕ್ಕೆ ಆಮದಾದ ಮಸಾಲೆ ಸರಕುಗಳಲ್ಲಿ ಸುಮಾರು ಶೇ. 7ರಷ್ಟರಲ್ಲಿ ಸಾಲ್ಮೊನೆಲ್ಲಾ ಇತ್ತು.

ವರದಹಳ್ಳಿಯಿಂದ ಹೊಸನಗರ, ತೀರ್ಥಹಳ್ಳಿಗಳವರೆಗೆ ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿರುವ ರೈತ ಬಾಂಧವರು ತಮ್ಮ ಅಂಗಳವನ್ನೊಮ್ಮೆ ನೋಡಿಕೊಳ್ಳಬೇಕು. ಸಗಣಿ ಸಾರಿಸಿದ ನೆಲ ನಮ್ಮ ಕಣ್ಣಿಗೆ ಶುದ್ಧವೇ ಸರಿ. ಆದರೆ ಸಾಲ್ಮೊನೆಲ್ಲಾ ವಾಸಿಸುವುದು ದನ, ಕೋಳಿ, ಹಲ್ಲಿ, ಇಲಿಗಳ ಕರುಳಿನಲ್ಲಿ. ಬರಿಗಾಲಿನಲ್ಲಿ ತುಳಿದು ಗೊನೆಯಿಂದ ಕಾಳು ಬಿಡಿಸುವ ರೂಢಿಯೂ ಸೋಂಕಿಗೆ ದಾರಿ. ಹಸಿ ಕಾಳಿನಲ್ಲಿ ಈ ಬ್ಯಾಕ್ಟೀರಿಯ ವೃದ್ಧಿಯಾಗಬಲ್ಲದು. ಒಣ ಕಾಳಿನಲ್ಲಿ ವೃದ್ಧಿಯಾಗದು, ಆದರೆ ಸಾಯುವುದೂ ಇಲ್ಲ, ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಆದುದರಿಂದ ಬಿಸಿಲೊಂದನ್ನೇ ನಂಬುವಂತಿಲ್ಲ.

ಪರಿಹಾರ ಅಗ್ಗವಾದುದು. ಬಿಡಿಸಿದ ಕಾಳನ್ನು ಬಿದಿರಿನ ಬುಟ್ಟಿಯಲ್ಲಿಟ್ಟು, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಮೇಲ್ಮೈಯ ಸೂಕ್ಷ್ಮಾಣುಗಳ ಹೊರೆ ಬಹಳಷ್ಟು ಇಳಿಯುತ್ತದೆ, ಕಾಳು ಬೇಗ ಒಣಗಿ ಹೊಳಪಿನ ಕಪ್ಪು ಬಣ್ಣ ತಳೆಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಆ ಕಪ್ಪು ಬಾರದು. ಒಮ್ಮೆಗೇ ಹೆಚ್ಚು ಕಾಳು ತುಂಬಿದರೆ ಕುದಿ ನಿಂತು ಶ್ರಮ ವ್ಯರ್ಥ. ಅಡಿಕೆ ಬೇಯಿಸುವ ಹಂಡೆಯನ್ನೇ ಬಳಸುವುದಾದರೆ ಚೊಗರು ಉಳಿಯದಂತೆ ತೊಳೆದಿರಬೇಕು. ಅದ್ದಿದ ಕಾಳನ್ನು ಮತ್ತೆ ಸಗಣಿ ನೆಲಕ್ಕೆ ಸುರಿದರೆ ಮಾಡಿದ್ದೆಲ್ಲ ಹೋಯಿತು. ಶುಚಿಯಾದ ಟಾರ್ಪಾಲು ಅಥವಾ ಸಿಮೆಂಟು ಕಣದಲ್ಲಿ, ಕೋಳಿ ಸುಳಿಯದಂತೆ ಬಲೆ ಕಟ್ಟಿ ಒಣಗಿಸಿರಿ. ತೇವಾಂಶ ಶೇ. 11ರ ಆಸುಪಾಸಿಗೆ ಇಳಿದ ಮೇಲೆ ಮಳೆಗಾಲದ ಥಂಡಿ ತಾಗದ ಒಳಪದರವುಳ್ಳ ಚೀಲದಲ್ಲಿ ತುಂಬಿರಿ.

ಪ್ರಯೋಗಾಲಯದ ಪರೀಕ್ಷೆಯ ಕುರಿತು ವಿಸ್ತರಣಾ ಕಾರ್ಯಕರ್ತರು ರೈತರಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. 25 ಗ್ರಾಂ ಮಾದರಿಯಲ್ಲಿ ಸಾಲ್ಮೊನೆಲ್ಲಾ ಇರಲೇಬಾರದೆಂಬುದು ಮಾನದಂಡ. ಸಾಂಪ್ರದಾಯಿಕ ವಿಧಾನದಲ್ಲಿ ಫಲಿತಾಂಶಕ್ಕೆ ಹಲವು ದಿನಗಳು ಬೇಕು. ಬ್ಯಾಕ್ಟೀರಿಯ ಚೀಲದಲ್ಲಿ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ಒಂದು ಹಿಡಿ ಕಾಳು ಶುದ್ಧವೆಂದಾಕ್ಷಣ ಇಡೀ ಚೀಲ ಶುದ್ಧವೆನ್ನಲಾಗದು. ಮುಂದಿನ ಕೊಯ್ಲಿಗೆ ಮೊದಲು ಊರಿನ ಒಂದು ಮನೆಯಲ್ಲಾದರೂ ಕುದಿನೀರಿನ ಪ್ರಾತ್ಯಕ್ಷಿಕೆ ನಡೆಯಲಿ.