ಸೆನ್ಸರ್ ಹೇಳಿದ್ದನ್ನ ಕೇಳೋರು ಯಾರು?

ಸೇತುವೆ ಕುಸಿದಾಗೆಲ್ಲ ನಾವು ಮೊದಲು ಆಡೋ ಮಾತು, 'ಸೆನ್ಸರ್ ಹಾಕಿದ್ರೆ ಹೀಗಾಗ್ತಿರ್ಲಿಲ್ಲ'. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಲಾರಿ ಸಮೇತ ಬಿದ್ದಾಗಲೂ ಇದೇ ಮಾತು. ಇದು ಅರ್ಧ ಮಾತ್ರ ನಿಜ.

ಇಟಲಿಯ ಜಿನೋವಾ ನೋಡಿ. ಅಲ್ಲಿನ ಮೊರಾಂಡಿ ಸೇತುವೆಯ ಉಕ್ಕಿನ ಕೇಬಲ್‌ಗಳು ಕಾಂಕ್ರೀಟಿನೊಳಗೆ ಹುದುಗಿದ್ದವು; ತುಕ್ಕು ಹಿಡಿದರೂ ಕಣ್ಣಿಗೆ ಬೀಳೋ ಹಾಗಿರಲಿಲ್ಲ. 2017ರಲ್ಲಿ ಮಿಲಾನ್ ಪಾಲಿಟೆಕ್ನಿಕ್‌ನ ಸಂಶೋಧಕರು ಅದರ ಕಂಪನ ಅಳೆದರು. ತತ್ವ ಸರಳ: ಬಿಗಿತ ಕಡಿಮೆಯಾದರೆ ಕಂಪಿಸುವ ರೀತಿ ಬದಲಾಗುತ್ತೆ. 9ನೇ ಕಂಬದ ಕೇಬಲ್‌ಗಳ ವರ್ತನೆ ಸರಿಯಿಲ್ಲ, ಅಲ್ಲಿ ಕಾಯಂ ಸೆನ್ಸರ್ ಹಾಕಿ ಅಂತ ವರದಿ ಕೊಟ್ಟರು. ರಿಪೇರಿ ಯೋಜನೆ ಕಾಗದದಲ್ಲಿ ಸಾಗುತ್ತಿತ್ತು, ಮೇಲೆ ಲಾರಿಗಳು ಓಡುತ್ತಲೇ ಇದ್ದವು. 2018ರ ಆಗಸ್ಟ್ 14ರಂದು ಆ 9ನೇ ಕಂಬದ ಭಾಗವೇ ಕುಸಿದು 43 ಜನ ಸತ್ತರು.

ಈಗ ಫೈಬರ್ ಆಪ್ಟಿಕ್ ಸೆನ್ಸರ್, ಡ್ರೋನ್, ಮಿಲಿಮೀಟರ್ ಲೆಕ್ಕದ ಚಲನೆ ಹಿಡಿಯೋ ಉಪಗ್ರಹ ರೇಡಾರ್ ಎಲ್ಲಾ ಬಂದಿವೆ. ಒಳ್ಳೇದೇ. ಆದರೆ ಬಿಸಿಲು ಏರಿದರೂ ಕಂಪನದ ಆವರ್ತನ ಬದಲಾಗುತ್ತೆ. ಹಾಗಾಗಿ ಪ್ರತಿ ಅಲಾರಂ ಅಪಾಯವಲ್ಲ. ಅನುಮಾನ ಇರುವಾಗಲೇ ಒಬ್ಬರು ನಿರ್ಧಾರ ತಗೋಬೇಕು. ಯಾವ ಮಿತಿ ದಾಟಿದರೆ ಸಂಚಾರ ನಿಲ್ಲಿಸಬೇಕು, ನಿಲ್ಲಿಸೋ ಅಧಿಕಾರ ಯಾರದು ಅನ್ನೋದು ಸೆನ್ಸರ್ ಕೂರಿಸುವ ಮೊದಲೇ ಬರೆದಿಟ್ಟಿರಬೇಕು.

ನಮ್ಮ ಫೈನಲ್ ಇಯರ್ ಪ್ರಾಜೆಕ್ಟುಗಳು ಆರ್ಡುಯಿನೊಗೆ ಆಕ್ಸಲರೋಮೀಟರ್ ಕಟ್ಟಿ, ಗ್ರಾಫ್ ತೋರಿಸಿ ಮುಗಿಯುತ್ತವೆ. ಇನ್ನೊಂದು ಪುಟ ಸೇರಿಸೋಣ: ಗೆರೆ ದಾಟಿದಾಗ ಫೋನ್ ಯಾರಿಗೆ ಹೋಗಬೇಕು, ಅವರು ಏನು ಮಾಡಬೇಕು?