ತೊಟ್ಟಿಲ ಜೊತೆಗೊಂದು ಸೀಟು

ಶುಕ್ರವಾರ ಒಂದು ಹಬ್ಬ ಬಿದ್ದು, ಅದರ ಬೆನ್ನಿಗೇ ಎರಡನೇ ಶನಿವಾರ ಮತ್ತು ಭಾನುವಾರ ಬಂದವೆಂದರೆ ನಮ್ಮ ಸರಸ್ವತಿ ನಗರದಲ್ಲಿ ಬೆಳಿಗ್ಗೆ ಆರಕ್ಕೇ ಕಾರುಗಳ ಡಿಕ್ಕಿ ತೆರೆದುಕೊಳ್ಳುತ್ತವೆ. ಹೋಳಿಗೆ ಡಬ್ಬಿ, ಮಂಡಕ್ಕಿ ಚೀಲ, ಬಿಸಿನೀರಿನ ಫ್ಲಾಸ್ಕು, ಮಗುವಿನ ಬಟ್ಟೆಯ ಬ್ಯಾಗು ಎಲ್ಲವೂ ಒಳಗೆ ಸೇರುತ್ತವೆ. ತುಪ್ಪದ ಡಬ್ಬಿ ಉರುಳಬಾರದೆಂದು ಅದರ ಪಕ್ಕಕ್ಕೆ ದಿಂಬು ಸಿಕ್ಕಿಸುವ ಜಾಣೆಯರೂ ಇದ್ದಾರೆ. ಇಷ್ಟೆಲ್ಲ ಕಾಳಜಿಯ ನಡುವೆ ಎಲ್ಲಿಯೂ ಕಟ್ಟದೆ, ಯಾವುದಕ್ಕೂ ಸಿಕ್ಕಿಸದೆ ಬಿಡುವ ಜೀವ ಒಂದೇ, ಅದು ಮಗು. ಅದು ಅಮ್ಮನ ಮಡಿಲಲ್ಲಿ, ಅದೂ ಮುಂದಿನ ಸೀಟಿನಲ್ಲಿ. ಯಾಕೆಂದರೆ ಮುಂದೆ ಕೂತರೆ ಅದು ರಸ್ತೆ ನೋಡಿಕೊಂಡು ಅಳದೆ ಇರುತ್ತದಂತೆ!

ಓಡುವ ಕಾರಿನಲ್ಲಿ ತಾಯಿಯ ಮಡಿಲು ಮಗುವಿಗೆ ಕ್ಷೇಮದ ಜಾಗವಲ್ಲ. ಈ ಮಾತು ಕೇಳಿ ಅನೇಕ ಅಜ್ಜಿಯರು ನನ್ನ ಮೇಲೆ ಸಿಟ್ಟಾಗುತ್ತಾರೆಂದು ಬಲ್ಲೆ. ಮಡಿಲಿಗಿಂತ ದೊಡ್ಡ ರಕ್ಷೆ ಯಾವುದಿದೆ ಎಂದು ಕೇಳುತ್ತಾರೆ. ಮನೆಯಲ್ಲಿ, ಅಂಗಳದಲ್ಲಿ, ದೇವಸ್ಥಾನದ ಜಗಲಿಯ ಮೇಲೆ ಖಂಡಿತ ಯಾವುದೂ ಇಲ್ಲ. ಆದರೆ ಕಾರಿಗೆ ನಮ್ಮ ವಾತ್ಸಲ್ಯ ಅರ್ಥವಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ತೂಕ ಮತ್ತು ವೇಗ ಎರಡೇ.

ನಾನು ಬಿ.ಎ. ಓದಿದವಳು, ಲೆಕ್ಕ ನನ್ನ ವಿಷಯವಲ್ಲ. ಆದ್ದರಿಂದ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನೇ ಕೇಳಿದೆ. ಅವರು ಸ್ಟಾಫ್ ರೂಮಿನಲ್ಲಿ ಹಾಳೆಯ ಮೇಲೆ ಬರೆದು ತೋರಿಸಿದರು. ಗಂಟೆಗೆ 50 ಕಿ.ಮೀ. ವೇಗದ ಕಾರು ಯಾವುದಕ್ಕೋ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. ಆ ಗಳಿಗೆಯಲ್ಲಿ 8 ಕೆ.ಜಿ. ಮಗುವನ್ನು ಹಿಡಿದಿಟ್ಟುಕೊಳ್ಳಲು ಬೇಕಾಗುವ ಬಲ 110 ಕೆ.ಜಿ.ಗೂ ಹೆಚ್ಚು ತೂಕ ಎತ್ತುವಷ್ಟು. ವೇಗ 80 ಇದ್ದರೆ ಅದು 180 ಕೆ.ಜಿ. ಮುಟ್ಟುತ್ತದೆ. ನಮ್ಮೂರಿನ ಅಕ್ಕಿ ಗಿರಣಿಯ ಹಮಾಲರೂ 50 ಕೆ.ಜಿ.ಯ ಮೂರೂವರೆ ಮೂಟೆಯನ್ನು ಒಟ್ಟಿಗೆ ಕೈಯಲ್ಲಿ ಹಿಡಿಯಲಾರರು. ಬಾಣಂತನ ಮುಗಿಸಿ ಎದ್ದ, ರಾತ್ರಿ ನಿದ್ದೆಯಿಲ್ಲದ ಹುಡುಗಿ ಹಿಡಿದಾಳೆಯೆ?

"ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ" ಎನ್ನುವ ಮಾತಿಗೆ ಇಷ್ಟೇ ಉತ್ತರ. ಕೆಲವರು ಇನ್ನೂ ಜಾಣರು. ತಾವು ಹಾಕಿಕೊಂಡ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿಕೊಳ್ಳುತ್ತಾರೆ. ಡಿಕ್ಕಿಯಾದಾಗ ತಾಯಿಯ ಇಡೀ ಭಾರ ಮಗುವಿನ ಮೇಲೆ ಬಿದ್ದು, ಅದು ಬೆಲ್ಟಿಗೂ ಅವಳಿಗೂ ನಡುವೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಇನ್ನು "ಏರ್‌ಬ್ಯಾಗ್ ಇದೆಯಲ್ಲ" ಎನ್ನುವವರು. ಆ ಚೀಲ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿದು ಉಬ್ಬುತ್ತದೆ. ಅದನ್ನು ಮಾಡಿರುವುದು ಬೆಲ್ಟ್ ಹಾಕಿ ಕೂತ ದೊಡ್ಡವರ ಎದೆಗೆ. ಮಡಿಲಿನ ಕೂಸಿನ ತಲೆಗೆ ಅದೇ ಏಟಾಗುತ್ತದೆ.

"ನಾವೆಲ್ಲ ಹಾಗೇ ಬೆಳೀಲಿಲ್ಲವೆ?" ಇದು ಎಲ್ಲರ ಬಾಯಲ್ಲೂ ಇರುವ ಪ್ರಶ್ನೆ. ಬೆಳೆದೆವು, ನಿಜ. ಆದರೆ ನಾವು ಬೆಳೆದ ಕಾಲದ ರಸ್ತೆ ಯಾವುದು? ಅಂದಿನ ಪಿ.ಬಿ. ರಸ್ತೆಯಲ್ಲಿ ಕೆಂಪು ಬಸ್ಸು ಎತ್ತಿನ ಗಾಡಿಯ ಹಿಂದೆ ಹಾರ್ನ್ ಹೊಡೆಯುತ್ತ ಹರಿಹರ ಸೇರುತ್ತಿತ್ತು. ಮುಂದೆ ಸುವರ್ಣ ಚತುಷ್ಪಥ ಬಂತು. ಅಂದಿನ ರಾಷ್ಟ್ರೀಯ ಹೆದ್ದಾರಿ 4 ಇಂದು 48 ಆಗಿದೆ. ಅದೇ ದಾರಿಯಲ್ಲಿ ಈಗ ಕಾರುಗಳು ನೂರರ ಮುಳ್ಳನ್ನು ಮುಟ್ಟಿಕೊಂಡೇ ಓಡುತ್ತವೆ, ಪಕ್ಕದಲ್ಲಿ ಆಕಾಶದೆತ್ತರದ ಲಾರಿಗಳು. ರಸ್ತೆ ಬದಲಾಯಿತು, ಗಾಡಿ ಬದಲಾಯಿತು, ವೇಗ ಎರಡು ಪಟ್ಟಾಯಿತು. ಮಗುವನ್ನು ಕೂರಿಸುವ ರೀತಿ ಮಾತ್ರ ಎತ್ತಿನ ಗಾಡಿಯದೇ.

ಕಾನೂನಿಲ್ಲವೆಂದು ತಿಳಿಯಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕಾರಿನಲ್ಲಿ ಒಯ್ದರೆ 1,000 ರೂಪಾಯಿ ದಂಡ. ದ್ವಿಚಕ್ರ ವಾಹನಕ್ಕೂ 2023ರ ಫೆಬ್ರವರಿ 15ರಿಂದ ನಿಯಮ ಬಂದಿದೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್ಟು, ಸವಾರನಿಗೆ ಕಟ್ಟಿಕೊಳ್ಳುವ ಪಟ್ಟಿ, ವೇಗ 40 ಕಿ.ಮೀ. ಮೀರುವಂತಿಲ್ಲ. ಹಬ್ಬದ ದಿನ ಸ್ಕೂಟರಿನ ಮುಂದೆ ಒಂದು ಮಗು ನಿಂತು, ಹಿಂದೆ ಇನ್ನೊಂದು ಅಮ್ಮನ ಸೊಂಟದಲ್ಲಿ ಕೂತು ಹರಿಹರೇಶ್ವರನ ದರ್ಶನಕ್ಕೆ ಹೋಗುವುದನ್ನು ನೋಡಿದರೆ ಈ ನಿಯಮ ಯಾವ ದೇಶದ್ದೋ ಅನ್ನಿಸುತ್ತದೆ.

ದೇಶದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1985ರ ಹೊತ್ತಿಗೇ ಎಲ್ಲ ರಾಜ್ಯಗಳಲ್ಲೂ ಮಗುವಿನ ಸೀಟಿನ ಕಾನೂನು ಬಂದಿತ್ತು. ನಮ್ಮೂರಿನ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ. ಅಲ್ಲಿ ಕೂಸನ್ನು ಸೀಟಿಗೆ ಕಟ್ಟದೆ ಕಾರಿನ ಕೀಲಿ ತಿರುಗಿಸದ ಅಪ್ಪ, ರಜೆಗೆ ಬೆಂಗಳೂರಲ್ಲಿ ಇಳಿದ ಕೂಡಲೇ ಅದೇ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ ದಾವಣಗೆರೆಯವರೆಗೆ ಕರೆತರುತ್ತಾನೆ. ವಿಮಾನ ಇಳಿದೊಡನೆ ಮಗುವಿನ ಎಲುಬು ಗಟ್ಟಿಯಾಗುತ್ತದೆಯೆ? ಅಲ್ಲಿ ಪೊಲೀಸರಿಗೆ ಹೆದರುತ್ತಾರೆ, ಇಲ್ಲಿ ಹೆದರಿಸುವವರಿಲ್ಲ, ಅಷ್ಟೆ. ಮಗುವಿನ ಜೀವಕ್ಕೆ ಹೆದರುವುದು ಯಾವಾಗ?

ಖರ್ಚಿನ ಮಾತಿಗೆ ನನಗೆ ನಗು ಬರುತ್ತದೆ. ಹತ್ತು ಲಕ್ಷದ ಕಾರು ಕೊಂಡವರು ಕೆಲವು ಸಾವಿರದ ಸೀಟಿಗೆ ಹಿಂದೆ ಮುಂದೆ ನೋಡುವುದು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ. ನಾಮಕರಣಕ್ಕೆ ಬೆಳ್ಳಿ ಉಡಿದಾರ, ಬೆಳ್ಳಿ ಬಟ್ಟಲು, ಚಿನ್ನದ ಉಂಗುರ ಎಷ್ಟು ಬರುತ್ತವೆ ಲೆಕ್ಕ ಹಾಕಿ. ಅವೆಲ್ಲ ಬೀರುವಿನಲ್ಲಿ ಭದ್ರ, ಬೀಗ ಹಾಕಿ. ಮಗುವೊಂದೇ ಅಭದ್ರ.

"ಸೀಟಿನಲ್ಲಿ ಕೂರಿಸಿದರೆ ಅಳುತ್ತೆ" ಎನ್ನುತ್ತಾರೆ. ಅಳುತ್ತದೆ, ಒಪ್ಪಿದೆ. ಲಸಿಕೆ ಹಾಕಿಸುವಾಗಲೂ ಅಳುತ್ತದೆ; ಹಾಕಿಸುವುದನ್ನು ಬಿಟ್ಟೆವೆ? ಮನೆಯಲ್ಲೇ ನಾಲ್ಕು ದಿನ ಅದರಲ್ಲಿ ಕೂರಿಸಿ ಆಡಿಸಿ, ರೂಢಿಯಾಗುತ್ತದೆ.

ಆದರೆ ಈ ವಿಷಯದಲ್ಲಿ ನನಗೆ ನಿಜವಾಗಿ ಸಂಕಟವಾದದ್ದು ಬೇರೆ ಮಾತಿನಿಂದ. ನಮ್ಮ ಬೀದಿಯ ಸೊಸೆಯೊಬ್ಬಳು, ಓದಿದ ಹುಡುಗಿ, ಒಂದು ಸಂಜೆ ದನಿ ತಗ್ಗಿಸಿ ಹೇಳಿದಳು: "ಮೇಡಂ, ನನಗೂ ಸೀಟು ತರ್ಬೇಕು ಅಂತಿದೆ. ಬಾಯಿ ಬಿಟ್ಟರೆ, ಮಗೂನ ಎತ್ಕೊಳ್ಳೋಕೆ ಇವಳಿಗೆ ಸೋಮಾರಿತನ ಅಂತಾರೆ." ಆ ಮನೆಯಲ್ಲಿ ಕಾರಿನ ಬಣ್ಣ ಆರಿಸುವವರು ಗಂಡಸರು, ಯಾರ ಮನೆಗೆ ಎಷ್ಟು ಹೊತ್ತಿಗೆ ಹೊರಡಬೇಕೆಂದು ಹೇಳುವವರು ಹಿರಿಯರು. ಮಗುವಿಗೆ ಏನಾದರೂ ಆದರೆ "ಸರಿಯಾಗಿ ಹಿಡಿದುಕೊಳ್ಳಲಿಲ್ಲ" ಎಂಬ ಮಾತು ಮಾತ್ರ ಅವಳ ಪಾಲಿಗೆ. ಅಧಿಕಾರವಿಲ್ಲದವಳ ತಲೆಗೆ ಹೊಣೆ ಕಟ್ಟುವ ಈ ಪದ್ಧತಿಗೆ ಪ್ರೀತಿ ಎಂಬ ಹೆಸರು ಬೇರೆ!

ಮೂರು ದಿನದಲ್ಲಿ ಐದು ಮನೆ ಸುತ್ತಿಸುವುದೂ ಇದೇ ಪದ್ಧತಿಯ ಭಾಗ. ಹರಿಹರದ ಚಿಕ್ಕಪ್ಪ, ರಾಣೆಬೆನ್ನೂರಿನ ಅತ್ತೆ, ಹಾವೇರಿಯ ಸೋದರಮಾವ, ಹುಬ್ಬಳ್ಳಿಯ ದೊಡ್ಡಮ್ಮ, ಎಲ್ಲರೂ ಕೂಸನ್ನು ನೋಡಬೇಕು. ಹೊತ್ತಾಯಿತೆಂದು ಓಡುವ ಕಾರಿನಲ್ಲೇ ಹಾಲು ಕೊಡಿಸುತ್ತಾರೆ. ನಿಲ್ಲಿಸೋಣವೆಂದರೆ ಹೆದ್ದಾರಿಯಲ್ಲಿ ಮರೆಯಾದ ಚೊಕ್ಕಟ ಜಾಗ ಸಿಗುವುದು ಕಷ್ಟ. ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ತಾಯಂದಿರಿಗೆ ಅನುಕೂಲ ಕಲ್ಪಿಸಬೇಕೆಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದು ದಾರಿಯುದ್ದಕ್ಕೂ ಆಗುವವರೆಗೆ ಕಾಯಬೇಕಿಲ್ಲ. ಮನೆಗಳನ್ನು ಐದರಿಂದ ಎರಡಕ್ಕೆ ಇಳಿಸಿ, ಒಳ್ಳೆಯ ಹೋಟೆಲಿನ ಆವರಣದಲ್ಲಿ ಅರ್ಧ ಗಂಟೆ ಕಾರು ನಿಲ್ಲಿಸಿದರೆ ಸಾಕು. ಹುಬ್ಬಳ್ಳಿಗೇ ಹೋಗುವವರಿಗೆ ನಮ್ಮ ಸ್ಟೇಷನ್ನಿಂದ ರೈಲೂ ಇದೆ. ನಡೆಯಲು ಬಾರದ ಕೂಸನ್ನು ಊರೂರು ಸುತ್ತಿಸುವ ಬದಲು, ಕಾಲಿರುವ ನೆಂಟರು ತಾವೇ ಬಂದು ನೋಡಿದರೆ ಯಾರ ಗೌರವಕ್ಕೇನು ಕುಂದು?

ಕಾರಿಲ್ಲದೆ ಬಸ್ಸಿನಲ್ಲಿ ಕೂಸನ್ನೆತ್ತಿಕೊಂಡು ಹೋಗುವ ತಾಯಂದಿರನ್ನು ನಾನು ದೂರುತ್ತಿಲ್ಲ. ಅವರಿಗೆ ಬೇರೆ ದಾರಿಯಿಲ್ಲ. ದಾರಿಯಿದ್ದೂ ಹಿಡಿಯದವರ ಮೇಲೆ ನನ್ನ ತಕರಾರು. ಮುಖ್ಯವಾಗಿ ನನ್ನ ವಯಸ್ಸಿನ ಹೆಂಗಸರ ಮೇಲೆ. ಯಾಕೆಂದರೆ ಈಗ ಮನೆಯಲ್ಲಿ ನಮ್ಮ ಮಾತು ನಡೆಯುತ್ತದೆ. ಸೊಸೆ ಕೇಳಿದರೆ ಸೋಮಾರಿತನವೆನ್ನುವ ಮಂದಿ, ಅತ್ತೆಯೇ ಕೇಳಿದರೆ ಸುಮ್ಮನಾಗುತ್ತಾರೆ.

ಮಗಳ ಬಾಣಂತನ ಮುಗಿಸಿ ಕಳಿಸುವಾಗ ತವರಿನಿಂದ ತೊಟ್ಟಿಲು ಕೊಡುವುದು ನಮ್ಮ ಕಡೆಯ ರೂಢಿ. ಇನ್ನು ಮೇಲೆ ಕಾರಿರುವ ಮನೆಗೆ ಹೋಗುವ ಕೂಸಿಗೆ ತೊಟ್ಟಿಲ ಜೊತೆ ಒಂದು ಸೀಟನ್ನೂ ಕೊಡಿ. ಕೊಡಲು ತವರಿಗೆ ತ್ರಾಣವಿಲ್ಲದಿದ್ದರೆ ಗಂಡನ ಮನೆಯವರೇ ತರಲಿ, ಕಾರು ಅವರದೇ ತಾನೆ. ಅದನ್ನು ಹಿಂದಿನ ಸೀಟಿನಲ್ಲಿ, ಕೂಸಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಕಟ್ಟಬೇಕು. ಕೂಸಿನ ತಲೆ ಭಾರ, ಕತ್ತು ಎಳೆಯದು. ಡಿಕ್ಕಿಯಾದರೆ ಆಗ ಬೆನ್ನಿಗೂ ತಲೆಗೂ ಸೀಟೇ ಆಸರೆಯಾಗುತ್ತದೆ. ಅಜ್ಜಿ ಪಕ್ಕದಲ್ಲಿ ಬೆಲ್ಟ್ ಹಾಕಿ ಕೂತು ಗಿಲಕಿ ಆಡಿಸಲಿ. ಊರು ತಲುಪಿ ಕಾರು ನಿಂತ ಮೇಲೆ ಮಡಿಲು ಇದ್ದೇ ಇದೆ. ಸಂಜೆಯವರೆಗೂ ಇಳಿಸಬೇಡಿ, ಯಾರು ಬೇಡವೆಂದರು?