ತಂಬೂರಿ ಎಲ್ಲಿ ಹೋತು?

ಕಳೆದ ದೀಪಾವಳಿಗೆ ಧಾರವಾಡಕ್ಕೆ ಹೋಗುವಾಗ ಅಪ್ಪನಿಗೆ ಅಂತ ಒಂದು ಜೊತೆ ಒಳ್ಳೆಯ ಸ್ಪೀಕರ್ ತಗೊಂಡು ಹೋಗಿದ್ದೆ. ಮೊದಲ ಸಂಬಳದಿಂದಲೂ ಕೊಡಿಸಬೇಕು ಅಂದುಕೊಂಡಿದ್ದು, ಮೂವತ್ತು ದಾಟಿದ ಮೇಲೆ ಆಯ್ತು. ವೈರ್ ಎಲ್ಲ ಜೋಡಿಸಿ, ಪೆನ್‌ಡ್ರೈವ್‌ನಲ್ಲಿದ್ದ ಮಲ್ಲಿಕಾರ್ಜುನ ಮನ್ಸೂರರ ಒಂದು ಅಪ್ರಚಲಿತ ರಾಗ ಹಾಕಿದೆ. ಅಪ್ಪ ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿದರು. ಆಮೇಲೆ ಕಣ್ಣು ಬಿಟ್ಟು ಕೇಳಿದರು:

“ತಮ್ಮಾ, ಇದರಾಗ ತಂಬೂರಿ ಎಲ್ಲಿ ಹೋತು?”

ನನಗೆ ಗೊತ್ತಿತ್ತು ಎಲ್ಲಿ ಹೋಯ್ತು ಅಂತ. ಅದನ್ನು ಕಳೆದವನು ನಾನೇ.

2017ರಲ್ಲಿ ಅಪ್ಪ-ಅಮ್ಮ ದೊಡ್ಡ ಮನೆ ಬಿಟ್ಟು ಚಿಕ್ಕ ಫ್ಲ್ಯಾಟಿಗೆ ಬಂದರು. ಅಪ್ಪನ ಹತ್ತಿರ ಎರಡು ಟ್ರಂಕ್ ತುಂಬ ಸಿಡಿ. ಎಣಿಸಿದರೆ 312. ಮನ್ಸೂರ, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರ್, ಜಗತ್ತಿನ ಎಲ್ಲ ಸಮಸ್ಯೆಗೂ ನನ್ನ ಲ್ಯಾಪ್‌ಟಾಪ್‌ನಲ್ಲಿ ಉತ್ತರ ಇದೆ ಅಂದುಕೊಂಡಿದ್ದೆ. ಲ್ಯಾಪ್‌ಟಾಪ್‌ನಲ್ಲಿದ್ದ ಯಾವುದೋ ಪ್ಲೇಯರ್ ತೆರೆದು, ಸೆಟ್ಟಿಂಗ್ ಕೂಡ ನೋಡದೆ, ರಜೆ ಹಾಕಿ ಅಷ್ಟನ್ನೂ ಎಂಪಿ3 ಮಾಡಿ ಮುಗಿಸಿದೆ. “ಎಲ್ಲಾ ಕಂಪ್ಯೂಟರ್‌ನಲ್ಲಿ ಸೇಫ್ ಆಗಿದೆ ಅಪ್ಪಾ” ಅಂತ ಹೇಳಿ, ಡಬ್ಬಿ ಒಡೆದಿದ್ದ 118 ಸಿಡಿಗಳನ್ನು ಗುಜರಿಗೆ ಹಾಕಿದೆ. ಉಳಿದದ್ದನ್ನೂ ಹಾಕುತ್ತಿದ್ದೆ. ಅಮ್ಮ “ಸಾಕು, ಇವಿರಲಿ” ಅಂತ ಮಂಚದ ಕೆಳಗೆ ತಳ್ಳಿದ್ದರಿಂದ 194 ಉಳಿದವು.

ಆ ಸೆಟ್ಟಿಂಗ್ 128 ಕೆಬಿಪಿಎಸ್ ಆಗಿತ್ತು. ಅದರ ಅರ್ಥ ಸರಳ. ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿರುತ್ತಾರೆ, ಎಡ-ಬಲ ಎರಡೂ ಕಿವಿಗೆ. ಒಟ್ಟು ಸೆಕೆಂಡಿಗೆ 14 ಲಕ್ಷ 11 ಸಾವಿರ ಬಿಟ್. ನಾನು ಉಳಿಸಿಕೊಂಡಿದ್ದು 1 ಲಕ್ಷ 28 ಸಾವಿರ. ಹನ್ನೊಂದರಲ್ಲಿ ಒಂದು ಪಾಲು. ಕಿವಿಗೆ ಅಷ್ಟಾಗಿ ಕೇಳಿಸುವುದಿಲ್ಲ ಅನ್ನುವುದನ್ನು ಲೆಕ್ಕ ಹಾಕಿ ಎಸೆಯುವುದೇ ಎಂಪಿ3ಯ ಕೆಲಸ. ಹಾಡುಗಾರರ ದನಿ ಮುಂದೆ ನಿಂತಿರುತ್ತೆ, ಉಳಿಯುತ್ತೆ. ಹಿಂದೆ ಸಣ್ಣಗೆ ಝೇಂಕರಿಸುವ ತಂಬೂರಿಯ ಮೇಲಿನ ಸ್ವರಗಳೇ ಮೊದಲು ಮಸುಕಾಗುವುದು.

ಹಾಗಾಗಿ ಉಳಿದ 194 ಸಿಡಿಗಳನ್ನಾದರೂ ಸರಿಯಾಗಿ ಉಳಿಸೋಣ ಅಂತ ಕೂತೆ. ನಿಮ್ಮ ಮನೆಯಲ್ಲೂ ಮಂಚದ ಕೆಳಗೋ ಶೋಕೇಸಿನಲ್ಲೋ ಇಂಥದ್ದೊಂದು ಟ್ರಂಕ್ ಇದ್ದರೆ, ನಾನು ಕಲಿತದ್ದು ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲ ಪ್ರಶ್ನೆ: ಸಿಡಿ ಅಂದಮೇಲೆ ಕಾಪಿ-ಪೇಸ್ಟ್ ಮಾಡಿದರೆ ಆಗಲ್ವಾ? ಆಗಲ್ಲ. ಕಡತಗಳಿರುವ ಡೇಟಾ ಸಿಡಿಯಲ್ಲಿ ತಪ್ಪು ತಿದ್ದಿಕೊಳ್ಳಲು ಇನ್ನೊಂದು ಪದರ ಇರುತ್ತೆ. ಹಾಡಿನ ಸಿಡಿಯಲ್ಲಿ ಆ ಹೆಚ್ಚುವರಿ ಪದರ ಇಲ್ಲ. ಗೀರು ಬಿದ್ದ ಜಾಗದಲ್ಲಿ ಓದಲು ಆಗದಿದ್ದರೆ ಡ್ರೈವ್ ಅಕ್ಕಪಕ್ಕದ ಅಳತೆ ನೋಡಿ ಅಂದಾಜಿನಲ್ಲಿ ತುಂಬಿಸಿ ಮುಂದೆ ಹೋಗಿಬಿಡಬಹುದು. ಹಾಡು ನಿಲ್ಲಬಾರದು ಅನ್ನುವುದಷ್ಟೇ ಅದರ ಚಿಂತೆ. ಮಾಮೂಲಿ ಸಾಫ್ಟ್‌ವೇರ್ ಅದನ್ನೇ ನಂಬಿ ಬರೆದುಕೊಳ್ಳುತ್ತೆ. ಎಲ್ಲಿ ತಪ್ಪಾಯ್ತು ಅಂತ ನಿಮಗೆ ಗೊತ್ತೇ ಆಗಲ್ಲ.

ಆದ್ದರಿಂದ ಸಾಫ್ಟ್‌ವೇರ್ ಆರಿಸುವಾಗ ನಾನು ಚೆಂದ ನೋಡಲಿಲ್ಲ, ವೇಗ ನೋಡಲಿಲ್ಲ. ಒಂದೇ ಒಂದು ನೋಡಿದೆ: ಓದಲು ಆಗದಿದ್ದಾಗ “ಆಗಲಿಲ್ಲ” ಅಂತ ಒಪ್ಪಿಕೊಳ್ಳುತ್ತಾ?

ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಒಪ್ಪಿಕೊಳ್ಳುತ್ತೆ. ಸ್ವಂತ ಬಳಕೆಗೆ ಉಚಿತ. ನೋಡಲು ಇಪ್ಪತ್ತು ವರ್ಷ ಹಳೆಯ ಸರ್ಕಾರಿ ಕಚೇರಿಯ ಪರದೆ ಇದ್ದಂಗೆ ಇದೆ, ಮೊದಲ ಸೆಟ್ಟಿಂಗ್‌ಗೆ ಒಂದು ಸಂಜೆ ಬೇಕು. ಆದರೆ ಅದರ ‘ಸೆಕ್ಯೂರ್’ ವಿಧಾನದಲ್ಲಿ ಪ್ರತಿ ತುಣುಕನ್ನೂ ಕನಿಷ್ಠ ಎರಡು ಸಲ ಓದಿ ತಾಳೆ ನೋಡುತ್ತೆ, ತಾಳೆ ಆಗದಿದ್ದರೆ ಮತ್ತೆ ಮತ್ತೆ ಓದುತ್ತೆ. ಕೊನೆಗೂ ಆಗದಿದ್ದರೆ ಯಾವ ಹಾಡಿನ ಎಷ್ಟನೇ ಸೆಕೆಂಡಿನಲ್ಲಿ ಸಂಶಯ ಇದೆ ಅಂತ ವರದಿಯಲ್ಲಿ ಬರೆದಿಡುತ್ತೆ. ಸೆಟ್ಟಿಂಗ್ ತಲೆನೋವು ಬೇಡ, ದುಡ್ಡು ಕೊಡ್ತೀನಿ ಅನ್ನುವವರಿಗೆ ಡಿಬಿಪವರ್ಆಂಪ್ ಇದೆ. ಮ್ಯಾಕ್ ಇದ್ದವರಿಗೆ ಎಕ್ಸ್‌ಎಲ್‌ಡಿ ಉಚಿತವಾಗಿ ಸಿಗುತ್ತೆ. ಲಿನಕ್ಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಅಭ್ಯಾಸ ಇದ್ದರೆ ವಿಪ್ಪರ್.

ಈ ನಾಲ್ಕಕ್ಕೂ ಅಕ್ಯುರೇಟ್‌ರಿಪ್ ಅನ್ನುವ ದತ್ತಾಂಶದ ನಂಟಿದೆ. ನೀವು ಓದಿದ ಪ್ರತಿ ಹಾಡಿಗೂ ಒಂದು ಲೆಕ್ಕದ ಸಂಖ್ಯೆ ಬರುತ್ತೆ. ಅದೇ ಸಿಡಿಯನ್ನು ಜಗತ್ತಿನ ಇನ್ನೆಲ್ಲೋ ಬೇರೆ ಡ್ರೈವ್‌ನಲ್ಲಿ ಓದಿದವರಿಗೂ ಅದೇ ಸಂಖ್ಯೆ ಬಂದಿದ್ದರೆ, ಇಬ್ಬರದ್ದೂ ಸರಿ ಅಂತ ಧೈರ್ಯವಾಗಿ ನಂಬಬಹುದು. ಇಬ್ಬರ ಸಿಡಿಯಲ್ಲೂ ಒಂದೇ ಜಾಗದಲ್ಲಿ ಒಂದೇ ತರಹದ ಗೀರು ಇರಲು ಸಾಧ್ಯವಿಲ್ಲವಲ್ಲ!

ಆದರೆ ಇಲ್ಲಿ ನಮ್ಮ ಪಾಡು ಬೇರೆ. ಅಪ್ಪನ ಹಿಂದೂಸ್ತಾನಿ ಸಿಡಿಗಳಲ್ಲಿ ಎಷ್ಟೋ ಅಕ್ಯುರೇಟ್‌ರಿಪ್‌ನಲ್ಲಿ ಇರಲೇ ಇಲ್ಲ. ನನಗಿಂತ ಮೊದಲು ಯಾರೂ ಓದಿ ಕಳಿಸಿಲ್ಲ. ಆಗ ಉಪಾಯ ಒಂದೇ: ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿ ‘ಟೆಸ್ಟ್ ಅಂಡ್ ಕಾಪಿ’ ಒತ್ತುವುದು. ಇಡೀ ಹಾಡನ್ನು ಎರಡು ಸಲ ಓದಿ ಎರಡರ ಸಂಖ್ಯೆಯನ್ನೂ ಪಕ್ಕಪಕ್ಕ ಕೊಡುತ್ತೆ. ಎರಡೂ ಒಂದೇ ಆಗಿದ್ದರೆ ನೆಮ್ಮದಿ. ಬೇರೆ ಬಂದರೆ ಸಿಡಿ ಒರೆಸಿ ಇನ್ನೊಂದು ಸಲ. ಒರೆಸುವುದು ಮೆತ್ತನೆಯ ಬಟ್ಟೆಯಿಂದ, ನಡುವಿನಿಂದ ಅಂಚಿಗೆ ನೇರವಾಗಿ. ರೊಟ್ಟಿ ತಟ್ಟಿದ ಹಾಗೆ ಸುತ್ತ ಸುತ್ತ ಉಜ್ಜಬೇಡಿ. ಇನ್ನೊಂದು ಮಾತು, ಚಿತ್ರ ಅಚ್ಚಾದ ಮೇಲ್ಭಾಗವೇ ಹೆಚ್ಚು ನಾಜೂಕು. ಹಾಡು ಇರುವ ಪದರ ಅದರ ಕೆಳಗೇ ಇರುತ್ತೆ. ಅಲ್ಲಿ ಆಳವಾಗಿ ಗೀಚಿದರೆ ಕಥೆ ಮುಗೀತು.

ಯಾವ ರೂಪದಲ್ಲಿ ಉಳಿಸಬೇಕು? ಫ್ಲ್ಯಾಕ್. ಜಿಪ್ ಕಡತದ ಹಾಗೆ, ಗಾತ್ರ ಕುಗ್ಗುತ್ತೆ, ಒಂದು ಬಿಟ್ ಕೂಡ ಕಳೆಯಲ್ಲ. ಸುಮಾರು ಅರ್ಧದಷ್ಟಾಗುತ್ತೆ. ನನ್ನ ಲೆಕ್ಕದಲ್ಲಿ ಸಿಡಿಗೆ 400 ಎಂಬಿ ಆಸುಪಾಸು. ಒಟ್ಟು 75 ಜಿಬಿ. ಇವತ್ತಿನ ಪೆನ್‌ಡ್ರೈವ್ ಒಂದರಲ್ಲಿ ಅಪ್ಪನ ಉಳಿದ ಟ್ರಂಕ್ ಪೂರ್ತಿ ಹಿಡಿಸುತ್ತೆ. ಆಪಲ್ ಉಪಕರಣಗಳೇ ಜಾಸ್ತಿ ಇದ್ದರೆ ಅಲ್ಯಾಕ್ ಕೂಡ ಅಷ್ಟೇ ಒಳ್ಳೆಯದು. ಒಂದರಿಂದ ಇನ್ನೊಂದಕ್ಕೆ ಯಾವಾಗ ಬೇಕಾದರೂ ಬದಲಿಸಬಹುದು. ಫೋನಿಗೆ ಚಿಕ್ಕ ಕಡತ ಬೇಕು ಅಂದರೆ ಫ್ಲ್ಯಾಕ್‌ನಿಂದ ಎಂಪಿ3 ಮಾಡಿಕೊಳ್ಳಿ. ಹಿಂದಕ್ಕೆ ಮಾತ್ರ ಹೋಗಲು ಆಗಲ್ಲ. ಹಾಲಿನಿಂದ ಮೊಸರು ಆಗುತ್ತೆ, ಮೊಸರಿನಿಂದ ಹಾಲು ಆಗಲ್ಲ. ನನ್ನ 118 ಸಿಡಿಗಳ ಎಂಪಿ3ಗಳನ್ನು ಈಗ ಫ್ಲ್ಯಾಕ್ ಮಾಡಿದರೆ ಕಡತ ದಪ್ಪ ಆಗುತ್ತೆ, ತಂಬೂರಿ ಬರಲ್ಲ.

ಅದೇ ಕಾರಣಕ್ಕೆ, ಫುಟ್‌ಪಾತಿನಲ್ಲಿ ಸಿಗುತ್ತಿದ್ದ “ನೂರು ಹಾಡು” ಎಂಪಿ3 ಸಿಡಿಗಳಿಗೆ ಈ ಸಾಹಸ ಬೇಡ. ಅವು ಡೇಟಾ ಸಿಡಿಗಳು, ಇದ್ದ ಹಾಗೆ ಕಾಪಿ ಮಾಡಿಕೊಂಡರೆ ಸಾಕು. ಸಿಡಿಯನ್ನು 24 ಬಿಟ್, 96 ಕಿಲೋಹರ್ಟ್ಸ್‌ಗೆ ಏರಿಸುವುದೂ ಬೇಡ. ಪಾತ್ರೆ ದೊಡ್ಡದು ಮಾಡಿದರೆ ಸಾರು ಜಾಸ್ತಿ ಆಗಲ್ಲ. ಮನೆಯಲ್ಲೇ ಬರ್ನ್ ಮಾಡಿದ ಸಿಡಿ ಇದ್ದರೆ ಅವನ್ನು ಮೊದಲು ಮುಗಿಸಿ. ಅವುಗಳಲ್ಲಿ ದನಿ ಇರುವುದು ಬಣ್ಣದ ಪದರದಲ್ಲಿ, ಬಿಸಿಲು-ಶಾಖಕ್ಕೆ ಅದು ಕೆಡುತ್ತೆ. ಅಕ್ಕನ ಮದುವೆಯ ಸೋಬಾನೆ ಹಾಡು ಯಾವ ಸ್ಟ್ರೀಮಿಂಗ್ ಆ್ಯಪ್‌ನಲ್ಲೂ ಸಿಗಲ್ಲ, ನೆನಪಿರಲಿ.

ಹೆಸರು ಬರೆಯುವುದೇ ದೊಡ್ಡ ಕೆಲಸ. ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್ ಸ್ವಲ್ಪ ಸಹಾಯ ಮಾಡುತ್ತೆ, ಉಳಿದದ್ದು ನಾವೇ. ಫ್ಲ್ಯಾಕ್‌ನಲ್ಲಿ ಕನ್ನಡದಲ್ಲೇ ಬರೆಯಬಹುದು: ರಾಗ, ತಾಳ, ತಬಲಾ ಯಾರು, ಹಾರ್ಮೋನಿಯಂ ಯಾರು. ಡಬ್ಬಿಯೊಳಗಿನ ಚೀಟಿಯ ಫೋಟೋ ತೆಗೆದು ಅದೇ ಫೋಲ್ಡರ್‌ನಲ್ಲಿ ಹಾಕಿಡಿ. ಇವೆಲ್ಲ ನಮ್ಮ ಸ್ವಂತ ಬಳಕೆಗೆ, ಊರಿಗೆಲ್ಲ ಹಂಚಲು ಅಲ್ಲ.

ಲ್ಯಾಪ್‌ಟಾಪ್‌ಗಳಲ್ಲಿ ಈಗ ಸಿಡಿ ಡ್ರೈವ್ ಇಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಕೊಂಡೆ. ವರ್ಕ್ ಫ್ರಂ ಹೋಮ್ ದಿನಗಳಲ್ಲಿ ಮೀಟಿಂಗ್ ನಡುವೆ ಒಂದೊಂದೇ ಹಾಕುತ್ತಾ, ದಿನಕ್ಕೆ ನಾಲ್ಕೈದರಂತೆ ಒಂದೂವರೆ ತಿಂಗಳು ಹಿಡಿಯಿತು. 187 ಸಿಡಿ ಪೂರ್ತಿ ಸರಿ. ಐದರಲ್ಲಿ ಅಲ್ಲಲ್ಲಿ ಸಂಶಯ. ಎರಡು ಬಾಯಿ ಬಿಡಲೇ ಇಲ್ಲ. ಎಲ್ಲವೂ ವರದಿಯಲ್ಲಿ ಬರೆದಿದೆ. ಒಂದು ಪ್ರತಿ ಬೆಂಗಳೂರಲ್ಲಿ, ಒಂದು ಧಾರವಾಡದಲ್ಲಿ. ಈ ಸಲ ಒಂದು ಸಿಡಿಯನ್ನೂ ಎಸೆದಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಭೀಮಸೇನ ಜೋಶಿಯವರ ಒಂದು ಫ್ಲ್ಯಾಕ್ ಹಾಕಿದೆ. ವಿಲಂಬಿತ್ ಮುಗಿದು ದ್ರುತ್‌ಗೆ ಹೋಗುವಾಗ ನನ್ನ ಎಂಪಿ3ಯಲ್ಲಿ ಬರುತ್ತಿದ್ದ ಬಿಕ್ಕಳಿಕೆ ಇರಲಿಲ್ಲ. ಅಪ್ಪ ತಲೆದೂಗಿದರು. “ಬಂತು ನೋಡು ತಂಬೂರಿ” ಅಂದರು. ಆಮೇಲೆ, “ಅವತ್ತು ಹಚ್ಚಿದ್ಯಲ್ಲ, ಮನ್ಸೂರರದ್ದು, ಅದನ್ನ ಹಚ್ಚು.”

ಅದು ಗುಜರಿಗೆ ಹೋದ 118ರಲ್ಲಿತ್ತು.

ಏಳು-ಎಂಟು ವರ್ಷ “ಎಲ್ಲಾ ಸೇಫ್ ಆಗಿದೆ” ಅಂತಲೇ ಹೇಳಿಕೊಂಡು ಬಂದಿದ್ದೆ. ಅವತ್ತು ಪಟ್ಟಿ ಮುಂದಿಟ್ಟು ಎಲ್ಲ ಹೇಳಿದೆ: ಯಾವುದು ಹೋಯ್ತು, ಯಾಕೆ ಹೋಯ್ತು, ಯಾವುದು ಇನ್ನು ಬರಲ್ಲ. ಅಪ್ಪ ಪಟ್ಟಿಯನ್ನು ಪೂರ್ತಿ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಇರ್ಲಿ ಬಿಡು. ಹಳೇ ಸಿಡಿ ಎಲ್ಲಾರ ಸಿಕ್ಕರ ನೋಡೋಣು” ಅಂದು, ಪೆನ್ನು ತಗೊಂಡು ಆರು ಹೆಸರಿಗೆ ಗುರುತು ಹಾಕಿ ಕೊಟ್ಟರು.

ಎರಡು ಸಿಕ್ಕಿವೆ. ಇನ್ನು ನಾಲ್ಕು. ನಿಮ್ಮ ಮನೆಯ ಟ್ರಂಕನ್ನು ಗುಜರಿಗೆ ಹಾಕುವ ಮೊದಲು ಒಂದು ಸಲ ತೆರೆದು ನೋಡಿ, ಆಯ್ತಾ?